ಹಂಪಿಯ ತೇರಿನ ಬೀದಿ ಯಾರದು?

2011ರ ಜುಲೈ 29ರಂದು ಹಂಪಿಯ ವಿರೂಪಾಕ್ಷ ದೇವಸ್ಥಾನದ ಮುಂದಿನ ಬೀದಿಗೆ ಜೆಸಿಬಿಗಳು ಬಂದವು. ಅದರ ಹಿಂದಿನ ದಿನವಷ್ಟೇ ಗೋಡೆಗಳ ಮೇಲೆ ಕೆಂಪು ಬಣ್ಣದ ಗುರುತು ಬಿದ್ದಿತ್ತು. ಸಾಲು ಮಂಟಪಗಳ ಒಳಗೆ, ಅವುಗಳಿಗೆ ತಾಗಿಕೊಂಡು ಇದ್ದ ಅಂಗಡಿ, ಹೋಟೆಲು, ಮನೆಗಳು ನೆಲಕ್ಕುರುಳಿದವು. ಮುನ್ನೂರಕ್ಕೂ ಹೆಚ್ಚು ಕುಟುಂಬಗಳು ಬೀದಿಗೆ ಬಂದವು. ಸರ್ಕಾರಿ ಕಡತದಲ್ಲಿ ಇದಕ್ಕೆ ಇರುವ ಹೆಸರು 'ಅತಿಕ್ರಮಣ ತೆರವು'. ಹೈಕೋರ್ಟಿನ ನಿರ್ದೇಶನದಂತೆ ಮಾಡಿದ ಕೆಲಸ ಎಂಬುದು ಆಡಳಿತದ ವಿವರಣೆ.

ಅತಿಕ್ರಮಣ ಎನ್ನಬೇಕಾದರೆ ಮೊದಲು ಆ ಜಾಗ ಯಾರದು, ಯಾವುದಕ್ಕೆ ಮೀಸಲಾಗಿತ್ತು ಎಂಬುದು ಗೊತ್ತಿರಬೇಕು. ಹಂಪಿಯ ವಿಚಾರದಲ್ಲಿ ಈ ಪ್ರಶ್ನೆಗೆ ಉತ್ತರ ಹುಡುಕಲು 2011ಕ್ಕೆ ನಿಂತರೆ ಸಾಲದು, ಐನೂರು ವರ್ಷ ಹಿಂದಕ್ಕೆ ಹೋಗಬೇಕು. ಈ ಬರಹದಲ್ಲಿ ನಾವು ಆ ದಾರಿಯನ್ನೇ ಹಿಡಿದಿದ್ದೇವೆ. ಹೊಸಪೇಟೆ, ಗಂಗಾವತಿ, ಕಂಪ್ಲಿ ಕಡೆಯವರಿಗೆ ಹಂಪಿ ಎಂದರೆ ಬರೀ ನೋಡುವ ಜಾಗವಲ್ಲ. ಅದು ಜಾತ್ರೆಗೆ ಹೋಗುವ ಊರು, ದುಡಿಮೆಯ ಊರು, ಓಟು ಹಾಕುವ ಊರು. ಹೀಗಾಗಿ ಈ ಲೆಕ್ಕ ನಮ್ಮ ಪಾಲಿಗೆ ಪುಸ್ತಕದ ಲೆಕ್ಕವಲ್ಲ.

ಬೀದಿ ಕಟ್ಟಿದ್ದು ಯಾತಕ್ಕೆ?

ವಿರೂಪಾಕ್ಷನ ಪೂರ್ವದ ದೊಡ್ಡ ಗೋಪುರದಿಂದ ಹೊರಟು ಮಾತಂಗ ಬೆಟ್ಟದ ಬುಡದ ಎದುರು ಬಸವಣ್ಣನವರೆಗೆ ಬೀದಿಯ ಉದ್ದ ಸುಮಾರು ಮುಕ್ಕಾಲು ಕಿಲೋಮೀಟರ್. ಎರಡೂ ಬದಿಗೆ ಕಲ್ಲುಕಂಬದ ಮಂಟಪಗಳು. ಕೆಲವು ಒಂದೇ ಅಂತಸ್ತು, ಕೆಲವು ಎರಡು. ತೇರು ಎಳೆಯುವುದು ಇದೇ ಬೀದಿಯಲ್ಲಿ. ದೇವಸ್ಥಾನ ಸಾಮ್ರಾಜ್ಯಕ್ಕಿಂತ ಹಳೆಯದು. 1336ರಲ್ಲಿ ವಿಜಯನಗರ ಸ್ಥಾಪನೆಯಾಯಿತು ಎಂದು ಹೇಳುವ ಮೊದಲೇ ಇಲ್ಲಿ ಪಂಪಾ ಮತ್ತು ವಿರೂಪಾಕ್ಷರ ಪೂಜೆ ಇತ್ತು. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ಸಂದರ್ಭದಲ್ಲಿ, 1510ರ ಹೊತ್ತಿಗೆ, ಇಲ್ಲಿ ರಂಗಮಂಟಪ ಕಟ್ಟಿಸಿದ್ದನ್ನು ಅಲ್ಲಿಯ ಶಾಸನವೇ ಹೇಳುತ್ತದೆ.

ಅದೇ ರಾಯನ ಕಾಲದಲ್ಲಿ, 1520ರ ಆಸುಪಾಸಿನಲ್ಲಿ, ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯಸ್ ಈ ನಗರಕ್ಕೆ ಬಂದ. ವಿರೂಪಾಕ್ಷನ ಗುಡಿಯ ಮುಂದಿನ ಬೀದಿಯ ಬಗ್ಗೆ ಅವನು ಬರೆದಿರುವುದರಲ್ಲಿ ಒಂದು ಸಂಗತಿ ಇವತ್ತಿನ ಜಗಳಕ್ಕೆ ನೇರವಾಗಿ ಸಂಬಂಧಿಸಿದೆ. ಬೀದಿಯ ಎರಡೂ ಕಡೆ ಪಡಸಾಲೆಗಳಿದ್ದ ಮನೆಗಳಿದ್ದವು, ಯಾತ್ರಿಕರು ಅಲ್ಲಿ ಉಳಿದುಕೊಳ್ಳುತ್ತಿದ್ದರು, ದೊಡ್ಡ ಮನುಷ್ಯರಿಗೂ ಪ್ರತ್ಯೇಕ ಬಿಡಾರಗಳಿದ್ದವು ಎಂದು ಅವನು ಹೇಳುತ್ತಾನೆ. ಅಂದರೆ ಹೊರಗಿನಿಂದ ಬಂದವರಿಗೆ ನೆರಳು ಕೊಡುವುದು ಈ ಬೀದಿಗೆ ಇಪ್ಪತ್ತನೇ ಶತಮಾನದಲ್ಲಿ ಅಂಟಿಕೊಂಡ ಕೆಲಸವಲ್ಲ. ಬೀದಿ ಹುಟ್ಟಿದ್ದೇ ಅದಕ್ಕೆ.

ಇಂಥ ಬಜಾರುಗಳು ಹಂಪಿಯಲ್ಲಿ ಇನ್ನೂ ಇವೆ. ಉದಯಗಿರಿಯನ್ನು ಗೆದ್ದ ರಾಯ ಅಲ್ಲಿಂದ ತಂದ ಬಾಲಕೃಷ್ಣನಿಗಾಗಿ ಕಟ್ಟಿಸಿದ ಕೃಷ್ಣ ದೇವಸ್ಥಾನದ ಮುಂದೆ ಒಂದು, ಅಚ್ಯುತರಾಯನ ದೇವಸ್ಥಾನದ ಮುಂದೆ ಒಂದು, ವಿಠ್ಠಲ ದೇವಸ್ಥಾನದ ಮುಂದೆ ಮತ್ತೊಂದು. ದೊಡ್ಡ ಗುಡಿ, ಅದರ ಎದುರು ಉದ್ದನೆಯ ಬೀದಿ, ಬೀದಿಯ ಪಕ್ಕ ಪುಷ್ಕರಣಿ, ಸಾಲು ಮಂಟಪ: ಇದು ವಿಜಯನಗರದವರ ಊರು ಕಟ್ಟುವ ಕ್ರಮ. ಗುಡಿಗೆ ಆದಾಯ ಬೇಕು, ವ್ಯಾಪಾರಿಗೆ ಜನ ಬೇಕು, ಜನಕ್ಕೆ ದೇವರೂ ಸಂತೆಯೂ ಬೇಕು. ಮೂರನ್ನೂ ಒಂದೇ ಗೆರೆಯ ಮೇಲೆ ಕೂರಿಸಿದ ಯೋಜನೆ ಇದು.

1565ರ ರಕ್ಕಸತಂಗಡಿ ಯುದ್ಧದ ನಂತರ ರಾಜಧಾನಿ ಲೂಟಿಯಾಯಿತು. ವಿಠ್ಠಲನ ಬಜಾರ್, ಅಚ್ಯುತರಾಯನ ಬಜಾರ್, ಕೃಷ್ಣ ಬಜಾರ್ ಮೂರೂ ನಿಂತುಹೋದವು. ವಿರೂಪಾಕ್ಷನ ಪೂಜೆ ಮಾತ್ರ ನಿಲ್ಲಲಿಲ್ಲ. ಪೂಜೆ ಇದ್ದಲ್ಲಿ ಹೂವು, ಹಣ್ಣು, ಕಾಯಿ ಮಾರುವವರು ಇರಲೇಬೇಕು. ಬಂದ ಭಕ್ತರಿಗೆ ಊಟ, ವಸತಿ ಬೇಕು. ಹೀಗೆ ಹಾಳಾದ ನಗರದ ನಡುವೆ ಈ ಒಂದು ಗುಡಿಯ ಸುತ್ತ ಊರು ಉಳಿಯಿತು.

ಹೊಳೆಯ ಎರಡು ದಂಡೆ, ಎರಡು ಸರ್ಕಾರ

ಹಂಪಿಯ ರಾಜಕೀಯ ತಿಳಿಯಬೇಕಾದರೆ ತುಂಗಭದ್ರೆಯನ್ನು ಗಡಿಯಾಗಿ ನೋಡಬೇಕು. 1800ರಲ್ಲಿ ಹೈದರಾಬಾದಿನ ನಿಜಾಮ ಬಳ್ಳಾರಿ ಸೀಮೆಯನ್ನು ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ. ಅಲ್ಲಿಂದ ದಕ್ಷಿಣ ದಂಡೆಯ ಹಂಪಿ ಮದರಾಸು ಪ್ರಾಂತ್ಯಕ್ಕೆ ಸೇರಿತು. ಉತ್ತರ ದಂಡೆಯ ಆನೆಗೊಂದಿ ನಿಜಾಮನ ಸೀಮೆಯಲ್ಲೇ ಉಳಿಯಿತು. ವಿಜಯನಗರದ ಮೂಲ ನೆಲೆ ಎಂದು ಹೇಳುವ ಆನೆಗೊಂದಿಗೂ ಅದರ ರಾಜಧಾನಿಗೂ ನಡುವೆ ಒಂದೂವರೆ ಶತಮಾನ ಬೇರೆ ಬೇರೆ ಸರ್ಕಾರಗಳ ಗೆರೆ ಇತ್ತು. 1953ರಲ್ಲಿ ಬಳ್ಳಾರಿಯ ಬಹುಭಾಗ ಮೈಸೂರು ರಾಜ್ಯಕ್ಕೆ ಬಂತು, 1956ರಲ್ಲಿ ಹೈದರಾಬಾದ್ ಕರ್ನಾಟಕವೂ ಸೇರಿತು. ರಾಜ್ಯ ಒಂದಾಯಿತು. ಜಿಲ್ಲೆಗಳು ಮಾತ್ರ ಇಂದಿಗೂ ಬೇರೆ. ಹಂಪಿ 2021ರಲ್ಲಿ ಹುಟ್ಟಿದ ವಿಜಯನಗರ ಜಿಲ್ಲೆಯಲ್ಲಿದೆ, ಆನೆಗೊಂದಿ ಕೊಪ್ಪಳ ಜಿಲ್ಲೆಯಲ್ಲಿದೆ.

ಹೊರಗಿನವರು ಈ ಕಲ್ಲುಗಳನ್ನು ದಾಖಲಿಸಿದ್ದೂ ಬ್ರಿಟಿಷರ ಕಾಲದಲ್ಲೇ. 1799ರಲ್ಲಿ ಕಾಲಿನ್ ಮೆಕೆಂಜಿ ಸರ್ವೆ ಮಾಡಿದ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಫೋಟೋ ತೆಗೆದ. 1900ರಲ್ಲಿ ರಾಬರ್ಟ್ ಸೀವೆಲ್ ವಿಜಯನಗರವನ್ನು 'ಮರೆತುಹೋದ ಸಾಮ್ರಾಜ್ಯ' ಎಂದು ಕರೆದು ಪುಸ್ತಕ ಬರೆದ. ಆ ಪುಸ್ತಕದಿಂದ ನಮಗೆ ಆದ ಉಪಕಾರ ದೊಡ್ಡದು, ಪಾಯಸನ ಬರಹ ಇಂಗ್ಲಿಷಿಗೆ ಬಂದದ್ದೇ ಅದರ ಮೂಲಕ. ಆದರೆ ಮರೆತವರು ಯಾರು? ಪ್ರತಿವರ್ಷ ಚೈತ್ರದಲ್ಲಿ ತೇರು ಎಳೆಯಲು ಬರುತ್ತಿದ್ದ ಸುತ್ತಲಿನ ಹಳ್ಳಿಯವರು ಮರೆತಿರಲಿಲ್ಲ. 'ಹಾಳು ಹಂಪಿ' ಎಂಬ ಮಾತು ನಮ್ಮಲ್ಲೂ ರೂಢಿಗೆ ಬಂತು. ಹಾಳಾದದ್ದು ಎಂದು ಒಮ್ಮೆ ಹೆಸರಿಟ್ಟ ಮೇಲೆ ಅಲ್ಲಿ ಬದುಕುವವರು ಇರಬಾರದ ಜಾಗದಲ್ಲಿ ಇರುವವರಂತೆ ಕಾಣುವುದು ಸಹಜ.

ಪಟ್ಟಿಗೆ ಸೇರಿದ ಮೇಲೆ

1986ರಲ್ಲಿ ಹಂಪಿಯ ಸ್ಮಾರಕಗಳು ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. 1988ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ 1961ರ ಪ್ರಾಚೀನ ಸ್ಮಾರಕಗಳ ಕಾಯ್ದೆಯಡಿ ಅಧಿಸೂಚನೆ ಹೊರಡಿಸಿತು. ಈ ಅಧಿಸೂಚನೆಯ ಮಾತು ಮುಂದೆ ಸುಪ್ರೀಂ ಕೋರ್ಟಿನವರೆಗೂ ಹೋಗಲಿತ್ತು, ಅದನ್ನು ಆಮೇಲೆ ನೋಡೋಣ.

ಮೊದಲ ದೊಡ್ಡ ಜಗಳ ಆದದ್ದು ಸೇತುವೆಗಾಗಿ. ಆನೆಗೊಂದಿ ಕಡೆಯವರು ಹೊಳೆ ದಾಟಲು ಹರಿಗೋಲನ್ನೇ ನಂಬಬೇಕಿತ್ತು. ಹೊಳೆ ತುಂಬಿದರೆ ಹರಿಗೋಲೂ ಇಲ್ಲ, ಬಹುದೂರ ಸುತ್ತಿ ಬರಬೇಕು. ಬಸುರಿಯನ್ನು ಆಸ್ಪತ್ರೆಗೆ ಒಯ್ಯುವುದು, ಮಕ್ಕಳು ಶಾಲೆಗೆ ಹೋಗುವುದು, ಬಾಳೆಗೊನೆ ಮಾರುಕಟ್ಟೆ ಮುಟ್ಟಿಸುವುದು ಎಲ್ಲಕ್ಕೂ ಹೊಳೆಯೇ ಅಡ್ಡಿ. ಸೇತುವೆ ಬೇಕು ಎಂಬ ಅವರ ಕೂಗು ನ್ಯಾಯವಾದದ್ದೇ. 1990ರ ದಶಕದಲ್ಲಿ ತಳವಾರಘಟ್ಟದ ಬಳಿ ವಾಹನಗಳ ಸೇತುವೆ, ವಿರೂಪಾಪುರಗಡ್ಡಿಗೆ ಕಾಲುಸೇತುವೆ ಎಂದು ಎರಡು ಕೆಲಸ ಶುರುವಾದವು. ಸಂರಕ್ಷಿತ ಪ್ರದೇಶದ ಒಳಗೇ ಕಾಂಕ್ರೀಟು ಎದ್ದದ್ದನ್ನು ಕಂಡು ಯುನೆಸ್ಕೊ 1999ರಲ್ಲಿ ಹಂಪಿಯನ್ನು 'ಅಪಾಯದಲ್ಲಿರುವ ಪರಂಪರೆ'ಯ ಪಟ್ಟಿಗೆ ಹಾಕಿತು. ಕಾಲುಸೇತುವೆಯನ್ನು ಕಳಚಲಾಯಿತು. ದೊಡ್ಡ ಸೇತುವೆಯ ಕೆಲಸ ನಿಂತಿತು, ಮತ್ತೆ ಶುರುವಾಯಿತು. 2006ರಲ್ಲಿ ಹಂಪಿ ಅಪಾಯದ ಪಟ್ಟಿಯಿಂದ ಹೊರಬಂತು. 2009ರ ಜನವರಿ 22ರಂದು ನಿರ್ಮಾಣದ ಹಂತದಲ್ಲಿದ್ದ ಆ ಸೇತುವೆಯೇ ಕುಸಿದುಬಿತ್ತು. ಕೆಲಸದಲ್ಲಿದ್ದ ಕಾರ್ಮಿಕರು ಸತ್ತರು. ಸ್ಮಾರಕಗಳಿಂದ ದೂರಕ್ಕೆ ಸರಿದು ಬುಕ್ಕಸಾಗರ ಮತ್ತು ಕಡೆಬಾಗಿಲು ನಡುವೆ ಬೇರೆ ಸೇತುವೆ ಆದದ್ದು ಆಮೇಲಿನ ಮಾತು.

ಈ ಪ್ರಕರಣದಿಂದ ನಮಗೆ ಕಾಣುವುದು ಇಷ್ಟು. ಸ್ಥಳೀಯರ ಬೇಡಿಕೆ ಸುಳ್ಳಲ್ಲ, ಪರಂಪರೆಯ ಕಾಳಜಿಯೂ ಸುಳ್ಳಲ್ಲ. ಸುಳ್ಳಾದದ್ದು ನಡುವಿನ ಕೆಲಸ. ಎಲ್ಲಿ ಕಟ್ಟಬೇಕು ಎಂದು ಕಲ್ಲಿಡುವ ಮೊದಲು ಕೂತು ಮಾತಾಡಬೇಕಿತ್ತು. ಸೇತುವೆಗೆ ಬೇರೆ ಜಾಗ ಇತ್ತು ಎಂಬುದನ್ನು ಕಡೆಬಾಗಿಲಿನ ಸೇತುವೆಯೇ ತೋರಿಸಿತು. ಅಷ್ಟು ತಿಳಿಯಲು ಜೀವಗಳು ಹೋಗಬೇಕಾಯಿತು.

ಪ್ರಾಧಿಕಾರ ಬಂತು, ಪಂಚಾಯಿತಿ ಚಿಕ್ಕದಾಯಿತು

ಅಪಾಯದ ಪಟ್ಟಿಯಿಂದ ಹೊರಬರುವ ಪ್ರಯತ್ನದ ನಡುವೆಯೇ 2002ರ ಹಂಪಿ ವಿಶ್ವ ಪರಂಪರೆ ಪ್ರದೇಶ ನಿರ್ವಹಣಾ ಪ್ರಾಧಿಕಾರ ಕಾಯ್ದೆ ಬಂತು. ಕೋರ್ ವಲಯ ಸುಮಾರು 42 ಚದರ ಕಿ.ಮೀ. ಬಫರ್ ಸೇರಿಸಿದರೆ ಒಟ್ಟು ಯೋಜನಾ ಪ್ರದೇಶ 236 ಚದರ ಕಿ.ಮೀ., ಹೊಳೆಯ ಎರಡೂ ದಂಡೆಯ 29 ಹಳ್ಳಿಗಳು. ಇಷ್ಟು ಜಾಗದಲ್ಲಿ ಏನೇ ಕಟ್ಟಬೇಕಾದರೂ ಪ್ರಾಧಿಕಾರದ ಲಿಖಿತ ಅನುಮತಿ ಬೇಕು.

ಈಗ ಹಂಪಿಯಲ್ಲಿ ಯಾರು ಯಾವುದಕ್ಕೆ ಯಜಮಾನರು ಎಂದು ಎಣಿಸಿ ನೋಡಿ. ವಿರೂಪಾಕ್ಷ ದೇವಸ್ಥಾನದ ಆಡಳಿತ ಮುಜರಾಯಿ ಇಲಾಖೆಯದು. ಪ್ರಮುಖ ಸ್ಮಾರಕಗಳು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಉಳಿದ ಸ್ಮಾರಕಗಳು ರಾಜ್ಯ ಪುರಾತತ್ವ ಇಲಾಖೆಯ ವ್ಯಾಪ್ತಿಯವು. ಕಟ್ಟಡದ ಅನುಮತಿ ಪ್ರಾಧಿಕಾರದ್ದು. ಕೇಂದ್ರದ 1958ರ ಕಾಯ್ದೆಗೆ 2010ರಲ್ಲಿ ಆದ ತಿದ್ದುಪಡಿಯಂತೆ ಸಂರಕ್ಷಿತ ಸ್ಮಾರಕದಿಂದ 100 ಮೀಟರ್ ನಿಷೇಧಿತ, ಅದರಾಚೆ 200 ಮೀಟರ್ ನಿಯಂತ್ರಿತ. ಭೂದಾಖಲೆ ಕಂದಾಯ ಇಲಾಖೆಯದು, ನೀರು ಕಾಲುವೆ ನೀರಾವರಿ ಇಲಾಖೆಯದು. ಇಷ್ಟೆಲ್ಲ ಆದ ಮೇಲೆ ಜನರೇ ಓಟು ಹಾಕಿ ಆರಿಸಿದ ಗ್ರಾಮ ಪಂಚಾಯಿತಿಗೆ ಉಳಿಯುವುದು ಬೀದಿದೀಪ, ಕಸ, ಕುಡಿಯುವ ನೀರು.

ಮನೆಗೆ ಒಂದು ಶೌಚಾಲಯ ಕಟ್ಟಿಸಬೇಕಾದ ಹಳ್ಳಿಯವನಿಗೆ ಈ ಕಚೇರಿಗಳ ನಡುವಿನ ಗೆರೆ ಗೊತ್ತಾಗುವುದಿಲ್ಲ. ಅವನು ತನ್ನ ಪಂಚಾಯಿತಿ ಸದಸ್ಯನನ್ನು ಕೇಳುತ್ತಾನೆ. ಸದಸ್ಯ ಶಾಸಕರ ಕಡೆಗೆ ಕೈ ತೋರಿಸುತ್ತಾನೆ. ಶಾಸಕರು ಚುನಾವಣೆಯ ಹೊತ್ತಿಗೆ 'ಹಂಪಿ ಜನರಿಗೆ ಅನ್ಯಾಯವಾಗಲು ಬಿಡುವುದಿಲ್ಲ' ಎನ್ನುತ್ತಾರೆ. ಅನುಮತಿ ಸಿಗುವುದಿಲ್ಲ ಎಂದು ಗೊತ್ತಾದವನು ಅನುಮತಿ ಇಲ್ಲದೆ ಕಟ್ಟುತ್ತಾನೆ. ಯಾರೂ ತಡೆಯುವುದಿಲ್ಲ. ವರ್ಷಗಳ ಮೇಲೆ ಒಂದು ದಿನ ನೋಟಿಸು ಬರುತ್ತದೆ. ಅಕ್ರಮ ಎನ್ನುವುದು ಹೀಗೆ ನಿಧಾನವಾಗಿ ಬೆಳೆಯುತ್ತದೆ. ಅದನ್ನು ಬೆಳೆಸುವುದರಲ್ಲಿ ಕಟ್ಟಿದವನಷ್ಟೇ ಪಾಲು ಕಣ್ಣು ಮುಚ್ಚಿ ಕೂತ ಕಚೇರಿಯದೂ ಇದೆ.

ಬಜಾರಿನ ತಪ್ಪು, ಬಜಾರಿನ ನ್ಯಾಯ

2011ರ ಮೊದಲು ಬಜಾರ್ ಹೇಗಿತ್ತು ಎಂಬುದನ್ನು ಮುಚ್ಚಿಟ್ಟು ಮಾತಾಡಿದರೆ ಪ್ರಯೋಜನವಿಲ್ಲ. ಮಂಟಪದ ಕಂಬಗಳ ನಡುವೆ ಇಟ್ಟಿಗೆ ಗೋಡೆ ಎದ್ದಿತ್ತು. ಕಲ್ಲಿಗೆ ಸುಣ್ಣ ಬಣ್ಣ ಬಳಿಯಲಾಗಿತ್ತು. ಎದುರಿಗೆ ತಗಡಿನ ಚಪ್ಪರ, ಬೋರ್ಡು, ವೈರು. ಹಿಂದುಗಡೆ ಲಾಡ್ಜುಗಳ ಮೇಲೆ ಅಂತಸ್ತು ಏರುತ್ತಿತ್ತು. ಐನೂರು ವರ್ಷದ ಕಲ್ಲಿಗೆ ಇದರಿಂದ ಹಾನಿ ಆಗುತ್ತಿತ್ತು ಎಂಬ ಪುರಾತತ್ವದವರ ದೂರನ್ನು ತಳ್ಳಿಹಾಕುವಂತಿಲ್ಲ.

ಆದರೆ ಅಲ್ಲಿದ್ದವರು ರಾತ್ರೋರಾತ್ರಿ ಬಂದು ಕೂತವರಲ್ಲ. ತಲೆಮಾರುಗಳಿಂದ ಅಲ್ಲೇ ಇದ್ದವರಿದ್ದರು. ಮತದಾರರ ಪಟ್ಟಿಯಲ್ಲಿ ಅವರ ಹೆಸರಿತ್ತು. ಪ್ರವಾಸೋದ್ಯಮ ಬೆಳೆಸಬೇಕೆಂದು ಹೇಳುತ್ತಿದ್ದ ಸರ್ಕಾರದ ಕಣ್ಣೆದುರೇ ಆ ಹೋಟೆಲು, ಆ ಲಾಡ್ಜು ನಡೆದವು. ಎಂ.ಪಿ. ಪ್ರಕಾಶ್ ಅವರ ಮುತುವರ್ಜಿಯಲ್ಲಿ ಶುರುವಾದ ಹಂಪಿ ಉತ್ಸವಕ್ಕೆ ಬಂದ ಜನ ಊಟ ಮಾಡಿದ್ದೂ ಅಂಥ ಹೋಟೆಲುಗಳಲ್ಲೇ. ಅಷ್ಟು ವರ್ಷ ಇರಲು ಬಿಟ್ಟವರನ್ನು ಒಂದು ದಿನದ ಸೂಚನೆಯ ಮೇಲೆ ಎಬ್ಬಿಸಿದ್ದು ಯಾವ ಕಾನೂನಿನ ಪಾಲನೆ? ಕಾನೂನು ಪಾಲಿಸುವುದಕ್ಕೂ ಒಂದು ರೀತಿ ಇದೆ. ಮೊದಲು ಸರ್ವೆ, ಆಮೇಲೆ ಪಟ್ಟಿ, ಆಕ್ಷೇಪಣೆ ಕೇಳುವುದು, ಬದಲಿ ನಿವೇಶನ ಸಿದ್ಧಮಾಡುವುದು, ಕೊನೆಗೆ ತೆರವು. ಹಂಪಿಯಲ್ಲಿ ಕೊನೆಯದು ಮೊದಲು ಆಯಿತು. ಹಕ್ಕುಪತ್ರ, ಪರಿಹಾರ, ನಿವೇಶನಗಳ ಮಾತು ತೆರವಿನ ನಂತರ ವರ್ಷಗಟ್ಟಲೆ ಎಳೆಯಿತು.

ಪುನರ್ವಸತಿಗೆ ತೋರಿಸಿದ ಜಾಗ ಕಡ್ಡಿರಾಂಪುರ, ಬಜಾರಿನಿಂದ ಕೆಲವು ಕಿಲೋಮೀಟರ್ ದೂರ. ಅಲ್ಲೂ ವಿಜಯನಗರ ಕಾಲದ ಮುಸ್ಲಿಂ ಗೋರಿಗಳಿವೆ. ಹಂಪಿ ಸುತ್ತ ಎಲ್ಲಿ ಅಗೆದರೂ ಇತಿಹಾಸವೇ. ಹೂವು, ಕಾಯಿ, ಮಿರ್ಚಿ, ಚಹಾ ಮಾರಿ ಬದುಕುವವನಿಗೆ ಗುಡಿಯ ಬಾಗಿಲಿನಿಂದ ಅಷ್ಟು ದೂರ ಹೋದರೆ ಮನೆ ಸಿಗಬಹುದು, ಗಿರಾಕಿ ಸಿಗುವುದಿಲ್ಲ. ವಸತಿಯನ್ನೂ ದುಡಿಮೆಯನ್ನೂ ಬೇರೆ ಬೇರೆ ಮಾಡುವ ಪುನರ್ವಸತಿ ಅರ್ಧ ಪುನರ್ವಸತಿ. ತುಂಗಭದ್ರಾ ಜಲಾಶಯದಲ್ಲಿ ಊರು ಮುಳುಗಿಸಿಕೊಂಡವರ ಮಕ್ಕಳು ಮೊಮ್ಮಕ್ಕಳಿರುವ ಈ ಭಾಗದಲ್ಲಿ ಇದನ್ನು ಯಾರಿಗೂ ಬಿಡಿಸಿ ಹೇಳಬೇಕಿಲ್ಲ.

ಗಡ್ಡಿಯ ತೀರ್ಪು

ಹೊಳೆಯಾಚೆ ವಿರೂಪಾಪುರಗಡ್ಡಿಯ ಕಥೆ ಬೇರೆ ತರಹದ್ದು. ಅಲ್ಲಿ ಗದ್ದೆಗಳ ನಡುವೆ ರೆಸಾರ್ಟು, ಗೆಸ್ಟ್‌ಹೌಸುಗಳು ಎದ್ದಿದ್ದವು, ವಿದೇಶಿಯರೇ ಹೆಚ್ಚು ಬರುತ್ತಿದ್ದರು. ಬಜಾರಿನಲ್ಲಿ ಜಾಗ ಕಡಿಮೆಯಾದಷ್ಟೂ ಗಡ್ಡಿಯಲ್ಲಿ ವ್ಯಾಪಾರ ಹೆಚ್ಚಿತು. ತೆರವಿನ ನೋಟಿಸು ಬಂದಾಗ ಮಾಲೀಕರು ಕೋರ್ಟಿಗೆ ಹೋದರು. ಅವರ ವಾದ ಹೀಗಿತ್ತು: 1988ರ ಅಧಿಸೂಚನೆ ರಕ್ಷಿಸುವುದು ಅದರಲ್ಲಿ ಹೆಸರಿಸಿದ ಸ್ಮಾರಕಗಳನ್ನು ಮಾತ್ರ, ಇಡೀ ಗಡ್ಡಿಯನ್ನಲ್ಲ. ಹೈಕೋರ್ಟು ಒಪ್ಪಲಿಲ್ಲ. 2020ರ ಫೆಬ್ರುವರಿ 11ರಂದು ಸುಪ್ರೀಂ ಕೋರ್ಟೂ ಒಪ್ಪಲಿಲ್ಲ. ಗಡ್ಡಿ ಸಂರಕ್ಷಿತ ಪ್ರದೇಶದೊಳಗೇ ಇದೆ, ಅಲ್ಲಿಯ ಕಟ್ಟಡಗಳು ಕಾನೂನುಬಾಹಿರ ಎಂದಿತು. ಮಾರ್ಚ್ ಮೊದಲ ವಾರ ಜೆಸಿಬಿಗಳು ಗಡ್ಡಿಗೂ ಬಂದವು. ಅದೇ ತಿಂಗಳ ಕೊನೆಗೆ ಲಾಕ್‌ಡೌನ್.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ರೆಸಾರ್ಟಿನ ಮಾಲೀಕರು ಸುಪ್ರೀಂ ಕೋರ್ಟಿನವರೆಗೆ ಹೋಗಿ ವರ್ಷಗಟ್ಟಲೆ ವಾದ ಮಾಡಲು ಸಾಧ್ಯವಾಯಿತು. ಬಜಾರಿನ ಚಹಾ ಅಂಗಡಿಯವನಿಗೆ ಸಿಕ್ಕಿದ್ದು ಒಂದು ದಿನ. ಮುಟ್ಟಿದ ಗುರಿ ಇಬ್ಬರದೂ ಒಂದೇ ಆದರೂ ನಡೆದ ದಾರಿ ಬೇರೆ. 1988ರ ಆ ಅಧಿಸೂಚನೆಯ ಅರ್ಥ ಏನು ಎಂದು ಸ್ಪಷ್ಟವಾಗಲು 32 ವರ್ಷ ಬೇಕಾಯಿತು. ಅಧಿಸೂಚನೆ ಹೊರಬಿದ್ದ ವರ್ಷವೇ ನಕ್ಷೆಯನ್ನು ಕನ್ನಡದಲ್ಲಿ ಪ್ರತಿ ಪಂಚಾಯಿತಿ ಕಟ್ಟಡದ ಗೋಡೆಗೆ ಹಚ್ಚಿ, ಸರ್ವೆ ನಂಬರ್ ಸಮೇತ ಇಂತಿಂಥ ಜಾಗದಲ್ಲಿ ಕಟ್ಟುವಂತಿಲ್ಲ ಎಂದು ಡಂಗುರ ಹೊಡೆಸಿದ್ದರೆ ಗಡ್ಡಿಯಲ್ಲಿ ಮೊದಲ ಕಟ್ಟಡ ಏಳುವಾಗಲೇ ತಡೆಯಬಹುದಿತ್ತು.

ಖಾಲಿ ಮಂಟಪ ಏನು ಹೇಳುತ್ತದೆ

ತೆರವಾದ ಮೇಲೆ ಬೀದಿ ಚೊಕ್ಕಟವಾಗಿ ಕಾಣುತ್ತದೆ. ಕಂಬಗಳು ಕಾಣುತ್ತವೆ, ಗೋಪುರದಿಂದ ಬಸವಣ್ಣನವರೆಗೆ ಕಣ್ಣು ಹರಿಯುತ್ತದೆ. ಆದರೆ ಜನರನ್ನು ಖಾಲಿ ಮಾಡಿಸಿದ ಮಾತ್ರಕ್ಕೆ ಕಲ್ಲು ಭದ್ರವಾಗಲಿಲ್ಲ. 2024ರ ಮೇ ತಿಂಗಳ ಮಳೆಗೆ ಇದೇ ಬೀದಿಯ ಸಾಲು ಮಂಟಪದ ಒಂದು ಭಾಗ ಕುಸಿದುಬಿತ್ತು. ತೆರವಾಗಿ ಹದಿಮೂರು ವರ್ಷ ಆಗುತ್ತಾ ಬಂದಿತ್ತು. ದೂರಲು ಆಗ ಅಲ್ಲಿ ಅಂಗಡಿಯವರು ಇರಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಗೋಡೆ, ಅಂತಸ್ತು, ಕಾಂಕ್ರೀಟು ತೆಗೆಸಿ, ಕಲ್ಲಿಗೆ ಮೊಳೆ ಹೊಡೆಯದಂತೆ, ರಾತ್ರಿ ತೆರವಾಗುವಂತೆ ಹಗಲಿನ ವ್ಯಾಪಾರಕ್ಕೆ ಷರತ್ತು ಹಾಕಬಹುದಿತ್ತು. ಹಂಪಿಯ ಸಮಗ್ರ ನಿರ್ವಹಣಾ ಯೋಜನೆ ತಯಾರಿಸಿದ ದೆಹಲಿಯ ವಾಸ್ತುತಜ್ಞೆ ನಳಿನಿ ಠಾಕೂರ್ ಅವರ ತಂಡವೂ ಈ ಪ್ರದೇಶವನ್ನು ಬರೀ ಸ್ಮಾರಕಗಳ ಗುಂಪಾಗಿ ನೋಡಲಿಲ್ಲ, ಹೊಳೆ, ಗದ್ದೆ, ಊರು, ಆಚರಣೆ ಎಲ್ಲ ಸೇರಿದ ಜೀವಂತ ಪರಂಪರೆಯಾಗಿ ನೋಡಿತ್ತು. ವಿಜಯನಗರದ ಅರಸರು ತೋಡಿಸಿದ ತುರ್ತಾ ಕಾಲುವೆಯಲ್ಲಿ ಇವತ್ತಿಗೂ ನೀರು ಹರಿದು ಬಾಳೆ, ಭತ್ತ ಬೆಳೆಯುತ್ತದೆ. ಅದನ್ನು ಯಾರೂ ಅತಿಕ್ರಮಣ ಎನ್ನುವುದಿಲ್ಲ. ಕಾಲುವೆ ಹರಿಯುವುದಕ್ಕೇ ಇರುವುದು ಎಂದು ಒಪ್ಪುವವರು ಬಜಾರು ಮಾರುವುದಕ್ಕೇ ಇದ್ದದ್ದು ಎಂಬುದನ್ನೂ ಯೋಚಿಸಬೇಕು.

ಇದು ಹಂಪಿಯೊಂದರ ಪ್ರಶ್ನೆ ಅಲ್ಲ. ಐಹೊಳೆ, ಪಟ್ಟದಕಲ್ಲುಗಳಲ್ಲಿ ಊರು ಸ್ಥಳಾಂತರದ ಮಾತು ವರ್ಷಗಳಿಂದ ನಡೆದಿದೆ. ಅಲ್ಲಿಯ ಗ್ರಾಮಸ್ಥರಿಗೆ ಹಂಪಿಯಿಂದ ಕಲಿಯುವುದು ಇದೆ, ಆಡಳಿತಕ್ಕೆ ಇನ್ನೂ ಹೆಚ್ಚು ಇದೆ. ನಾವು ಕೇಳುವುದು ದೊಡ್ಡದೇನಲ್ಲ. ಗಡಿ ನಕ್ಷೆ ಕನ್ನಡದಲ್ಲಿ ಪಂಚಾಯಿತಿಯಲ್ಲಿ ಸಿಗಲಿ. ಅನುಮತಿಗೆ ಅರ್ಜಿ ಹಾಕಿದವನಿಗೆ ಗೊತ್ತಾದ ದಿನದೊಳಗೆ ಹೌದು ಅಥವಾ ಇಲ್ಲ ಎಂಬ ಲಿಖಿತ ಉತ್ತರ ಬರಲಿ. ಯೋಜನೆಯ ಕರಡು ಗ್ರಾಮಸಭೆಯ ಮುಂದೆ ಬರಲಿ. ಮನೆಯ ಕೀಲಿ ಕೈಗೆ ಬಂದ ಮೇಲೆ ಹಳೆಯ ಗೋಡೆಗೆ ಕೆಂಪು ಗುರುತು ಬೀಳಲಿ.

ಈಗಲೂ ಚೈತ್ರದ ತೇರಿನ ದಿನ ಆ ಬೀದಿ ತುಂಬುತ್ತದೆ. ಮಂಡಕ್ಕಿ, ಬೆಂಡು ಬತ್ತಾಸು, ಬಳೆ, ಆಟಿಕೆ ಮಾರುವವರು ಎರಡೂ ಬದಿಗೆ ಕೂರುತ್ತಾರೆ. ಜಾತ್ರೆ ಮುಗಿದ ಮೇಲೆ ಗಂಟುಮೂಟೆ ಕಟ್ಟಿಕೊಂಡು ಹೋಗುತ್ತಾರೆ. ಆ ಕೆಲವು ದಿನ ಹಂಪಿ ಬಜಾರ್ ಅದನ್ನು ಕಟ್ಟಿಸಿದವರ ಉದ್ದೇಶಕ್ಕೆ ತಕ್ಕಂತೆ ಇರುತ್ತದೆ. ವರ್ಷದ ಉಳಿದ ದಿನಗಳಿಗೆ ಒಂದು ನ್ಯಾಯವಾದ ನಿಯಮ ಮಾಡುವುದು ಮನಸ್ಸಿದ್ದರೆ ಆಗದ ಕೆಲಸವೇನಲ್ಲ.